ಬೋರ್ಡಿಗೆ ಮಾತಾಡದ ಶಾಲೆ

ನಾನು ಓದಿದ ಹೈಸ್ಕೂಲಿನ ಇತಿಹಾಸ ಬರೆದುಕೊಡಿ ಎಂದು ಈಗಿನ ಹೆಡ್ಮಾಸ್ತರರು ಫೋನಿಗೆ ಮೆಸೇಜು ಕಳಿಸಿದ್ದರು. ನೆನಪಿನ ಸಂಚಿಕೆಯೊಂದನ್ನು ತರುತ್ತಾರಂತೆ. ಶಾಲೆ ಯಾವಾಗ ಶುರುವಾಯಿತು, ಜಾಗ ಕೊಟ್ಟವರು ಯಾರು, ಕಟ್ಟಡ ಉದ್ಘಾಟಿಸಿದವರು ಯಾರು, ಫಲಿತಾಂಶ ಹೇಗೆ ಏರುತ್ತಾ ಬಂತು, ಇಷ್ಟಿದ್ದರೆ ಸಾಕು, ಎರಡು ಪುಟ ಮೀರಬಾರದು ಎಂದಿದ್ದರು. ಆ ಎರಡು ಪುಟ ಬರೆದು ಕಳಿಸಿಯಾಯಿತು. ಅದನ್ನು ಯಾರೂ ಓದುವುದಿಲ್ಲ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಅದರಲ್ಲಿ ಹಿಡಿಸದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದಕ್ಕೆ ಪುಟದ ಲೆಕ್ಕ ಹೇಳುವವರಿಲ್ಲ.

ನಮ್ಮ ಹೈಸ್ಕೂಲು ಹುಟ್ಟಿದ್ದು ಗಂಜಿಯ ವಾಸನೆಯಲ್ಲಿ. ರಬಕವಿ-ಬನಹಟ್ಟಿಯಲ್ಲಿ ನೇಕಾರರ ಓಣಿಗಳು ಮುಗಿದು ಹೊಲಗಳು ಶುರುವಾಗುವ ಕಡೆ ಒಂದು ಹಳೆಯ ತಗಡಿನ ಶೆಡ್ಡಿತ್ತು. ನೂಲಿಗೆ ಗಂಜಿ ಹಾಕಿ ಒಣಗಿಸುವ ಕೆಲಸ ಅಲ್ಲಿ ನಡೆಯುತ್ತಿತ್ತು. ಆ ಕೆಲಸ ನಿಂತು ಶೆಡ್ಡು ಖಾಲಿ ಬಿದ್ದ ಕಾಲಕ್ಕೆ ಸರಕಾರ ಹೈಸ್ಕೂಲು ಮಂಜೂರು ಮಾಡಿತು. ಶಾಲೆ ಬಂತು, ಕಟ್ಟಡ ಬರಲಿಲ್ಲ. ಊರ ಹಿರಿಯರು ಆ ಶೆಡ್ಡನ್ನೇ ಬಾಡಿಗೆಗೆ ಕೊಡಿಸಿ, ನಡುವೆ ಎದೆಮಟ್ಟದ ಗೋಡೆ ಎಬ್ಬಿಸಿ ಕ್ಲಾಸು ಮಾಡಿದರು. ಕಟ್ಟಡ ಆಗುವ ತನಕ ಅಂದದ್ದು ಓಣಿಯ ದೊಡ್ಡ ಹುಡುಗರ ಕಾಲ ಮುಗಿದು ನಮ್ಮ ಕಾಲ ಬಂದರೂ ಹಾಗೇ ಇತ್ತು. ಮಳೆಗಾಲದಲ್ಲಿ ಗೋಡೆಗೆ ಹಸಿ ಏರಿದರೆ ಹಳೆಯ ಗಂಜಿಯ ಹುಳಿ ವಾಸನೆ ಮತ್ತೆ ಏಳುತ್ತಿತ್ತು. ಮಧ್ಯಾಹ್ನದ ಊಟದ ಹೊತ್ತಿಗಿಂತ ಮೊದಲೇ ನಮಗೆ ಹಸಿವಾಗುತ್ತಿದ್ದದ್ದು ಅದಕ್ಕೇ ಎಂದು ನಾವು ನಂಬಿದ್ದೆವು.

ಶೆಡ್ಡಿನ ಎರಡೂ ಮಗ್ಗುಲಿಗೆ ಪವರ್‌ಲೂಮ್ ಇದ್ದವು. ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಚಾಲೂ ಆದರೆ ನಾವು ಮನೆಗೆ ಹೊರಡುವವರೆಗೂ ಲಾಳಿ ಹೊಡೆದುಕೊಳ್ಳುವ ಸದ್ದು ನಿಲ್ಲುತ್ತಿರಲಿಲ್ಲ. ಹೊರಗಿನವರು ಬಂದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ನಮಗೆ ಅದು ಸದ್ದೇ ಅಲ್ಲ. ನಮ್ಮ ಮನೆಗಳಲ್ಲಿಯೂ ಅದೇ ಇತ್ತು. ಮಗ್ಗದ ಮನೆಯಲ್ಲಿ ಯಾರೂ ಯಾರನ್ನೂ ಕೂಗಿ ಕರೆಯುವುದಿಲ್ಲ. ಎದುರಿಗೆ ಬಂದು ನಿಲ್ಲುತ್ತಾರೆ, ಇಲ್ಲವೇ ಭುಜ ಮುಟ್ಟುತ್ತಾರೆ. ಮಾತನ್ನು ತುಟಿ ಬಿಡಿಸಿ, ನಿಧಾನ ಆಡುತ್ತಾರೆ. ಎಳೆ ಹರಿಯಿತು, ಊಟಕ್ಕೆ ಏಳು, ಸಾಹುಕಾರರ ಮನುಷ್ಯ ಬಂದಿದ್ದಾನೆ, ಇಂಥವಕ್ಕೆಲ್ಲ ಕೈಯ ಸನ್ನೆಗಳಿವೆ. ನಮ್ಮ ಓಣಿಯ ಕೂಸುಗಳು ತೊದಲು ಮಾತಿಗೆ ಮೊದಲು ಈ ಸನ್ನೆ ಕಲಿಯುತ್ತವೆ.

ಆಗಿನ ಹೆಡ್ಮಾಸ್ತರರು ಮುಧೋಳದಿಂದ ದಿನಾ ಬಸ್ಸಿಗೆ ಬರುತ್ತಿದ್ದವರು. ಎತ್ತರದ, ಒಣಕಲು ಮೈಯ, ಮಾತಿನಲ್ಲಿ ಚೇಷ್ಟೆಯಿದ್ದ ಮನುಷ್ಯ. ಈ ಶೆಡ್ಡಿನಲ್ಲಿ ಪಾಠ ಮಾಡುವ ರೀತಿಯನ್ನು ಅವರೇ ಕಟ್ಟಿದ್ದರು. ಹಾಜರಿಗೆ ಯಾರೂ ಎಸ್ ಸರ್ ಅನ್ನುವಂತಿಲ್ಲ, ಕೈ ಎತ್ತಬೇಕು. ಮಾಸ್ತರು ಬೋರ್ಡಿನ ಮೇಲೆ ಬರೆಯುವಾಗ ಮಾತಾಡಬಾರದು. ಬರೆದು, ತಿರುಗಿ, ಎಲ್ಲರ ಮುಖ ಮೇಲೆದ್ದ ಮೇಲೆ ಬಾಯಿ ತೆರೆಯಬೇಕು. ದಕ್ಷಿಣದ ಕಡೆಯಿಂದ ಹೊಸದಾಗಿ ಬಂದ ಮಾಸ್ತರರಿಗೆ ಇದು ತಿಳಿಯುತ್ತಿರಲಿಲ್ಲ. ಅವರು ಬೋರ್ಡಿನ ಕಡೆ ಮುಖ ಮಾಡಿ ಅರ್ಧ ಪಾಠ ಮುಗಿಸಿರುತ್ತಿದ್ದರು. ಹೆಡ್ಮಾಸ್ತರರು ಬಾಗಿಲಿಗೆ ಬಂದು ನಿಂತು ನಮ್ಮೆಲ್ಲರ ಎದುರಿಗೇ ಹೇಳುತ್ತಿದ್ದರು:

"ಸರ, ಬೋರ್ಡಿಗಿ ಏನೂ ಹೇಳಬ್ಯಾಡ್ರಿ. ಅದಕ್ಕ ಮೊದಲ ಎಲ್ಲಾ ಗೊತ್ತೈತಿ. ಈ ಮಕ್ಕಳ ಕಡೆ ತಿರಗಿ ಹೇಳ್ರಿ, ಇವಕ್ಕ ಏನೂ ಗೊತ್ತಿಲ್ಲ."

ನಮ್ಮ ಶಿಸ್ತಿನ ಕೀರ್ತಿ ಬೀಳಗಿಯವರೆಗೂ ಹೋಗಿತ್ತು. ಪರೀಕ್ಷೆಯ ಮೇಲ್ವಿಚಾರಣೆಗೆ ಅಲ್ಲಿಂದ ಬಂದ ಮಾಸ್ತರೊಬ್ಬರು, ಇಷ್ಟು ಮೌನವಾಗಿ ಪರೀಕ್ಷೆ ಬರೆಯುವ ಮಕ್ಕಳನ್ನು ತಾವು ನೋಡಿಯೇ ಇಲ್ಲ ಎಂದು ಹೊಗಳಿ ಹೋದರು. ಪಾಪ, ಅವರು ನಮ್ಮ ತುಟಿಗಳನ್ನು ನೋಡಿರಲಿಲ್ಲ. ಇತಿಹಾಸದ ಉತ್ತರಗಳೆಲ್ಲ ಅವರ ಮೂಗಿನ ಕೆಳಗೇ ಈ ಸಾಲಿನಿಂದ ಆ ಸಾಲಿಗೆ ದಾಟಿದ್ದವು. ಹೆಡ್ಮಾಸ್ತರರಿಗೆ ಗೊತ್ತಾಗಿ, ಮುಂದಿನ ಪರೀಕ್ಷೆಗೆ ಓಣಿಯ ಮಕ್ಕಳನ್ನೆಲ್ಲ ಒಂದೇ ದಿಕ್ಕಿಗೆ ಕೂಡಿಸಿ, ಕತ್ತು ತಿರುಗಿಸಿದವರ ಪೇಪರು ಕಸಿಯುವುದಾಗಿ ಹೇಳಿದರು.

ಆ ಶೆಡ್ಡಿನಲ್ಲಿ ನಾನು ಜಾಣೆ ಅನ್ನಿಸಿಕೊಂಡಿದ್ದೆ. ಎಂಟನೆಯ ಇಯತ್ತೆಯಲ್ಲಿ ಮೊದಲ ಸಾಲಿನಲ್ಲಿ ಕೂರುತ್ತಿದ್ದೆ, ಮಾಸ್ತರರ ಮುಖದಿಂದ ಕಣ್ಣು ತೆಗೆಯುತ್ತಿರಲಿಲ್ಲ, ಮೊದಲ ಕೈ ನನ್ನದೇ ಏಳುತ್ತಿತ್ತು. ಕರೆಂಟು ಹೋದಾಗ ಮಾತ್ರ ನನಗೆ ಬೇಸರ. ಅಕ್ಕಪಕ್ಕದ ಮಗ್ಗಗಳೆಲ್ಲ ಒಮ್ಮೆಗೇ ನಿಂತು, ಇಡೀ ಶೆಡ್ಡಿನಲ್ಲಿ ಕ್ಷಣ ಹೊತ್ತು ಎಲ್ಲರೂ ಅರಚುತ್ತಿರುವುದು ಅವರವರಿಗೇ ಕೇಳಿ, ನಗು ಏಳುತ್ತಿತ್ತಂತೆ. ಆಮೇಲೆ ಮಾಸ್ತರರು ದನಿ ಇಳಿಸಿ, ಕೂತಲ್ಲೇ ಪುಸ್ತಕ ಹಿಡಿದು ಓದುತ್ತಿದ್ದರು. ನಾನು ಮಾತ್ರ, ಕರೆಂಟು ಹೋದರೆ ಪಾಠವೂ ನಿಲ್ಲುತ್ತದೆ ಎಂದೇ ತಿಳಿದಿದ್ದೆ. ಮಗ್ಗ ನಿಲ್ಲುವುದಿಲ್ಲವೇ, ಹಾಗೆಯೇ ಪಾಠವೂ ಅಂದುಕೊಂಡು ಕಿಟಕಿಯ ಆಚೆ ನೋಡುತ್ತಿದ್ದೆ.

ನಾನು ಒಂಬತ್ತಕ್ಕೆ ಬಂದ ವರ್ಷ ಹೊಸ ಕಟ್ಟಡವಾಯಿತು. ಜಮಖಂಡಿ ರಸ್ತೆಗೆ ಊರು ದಾಟಿದ ಮೇಲೆ, ರೈತರೊಬ್ಬರು ದಾನ ಕೊಟ್ಟ ಹೊಲದಲ್ಲಿ, ಸುತ್ತ ಕಬ್ಬು, ನಡುವೆ ಬಿಳಿ ಸುಣ್ಣದ ಶಾಲೆ. ಫ್ಯಾನು, ಎತ್ತರದ ಕಿಟಕಿ, ಹಸಿರು ಬೋರ್ಡು. ಕಾರ್ಖಾನೆಗೆ ಕಬ್ಬು ಹೊತ್ತು ಹೋಗುವ ಟ್ರ್ಯಾಕ್ಟರು ಹಾಡು ಹಾಕಿಕೊಂಡು ಆಗಾಗ ಹಾಯುವುದು ಬಿಟ್ಟರೆ ಬೇರೆ ಗದ್ದಲವಿಲ್ಲ. ಉದ್ಘಾಟನೆಗೆ ಇಡೀ ಓಣಿ ಬಂದಿತ್ತು. ಗಣ್ಯರ ಭಾಷಣಗಳು ಮುಗಿದ ಮೇಲೆ ಹೆಡ್ಮಾಸ್ತರರು ಎದ್ದರು. ಇಷ್ಟು ವರ್ಷ ಅರಚಿ ಅರಚಿ ತಮ್ಮ ಗಂಟಲು ಹೋಯಿತು ಎಂದು ನಗಿಸಿ, ನಮ್ಮ ಕಡೆ ನೋಡಿ ಹೇಳಿದರು:

"ಇನ್ನ ಮ್ಯಾಲೆ ನೀವು ನನ್ನ ಮಾರಿ ನೋಡಬೇಕಾಗಿಲ್ಲ. ಕಿವಿ ಕೊಟ್ರ ಸಾಕು."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆ ದಿನದ ಆ ಮಾತನ್ನು ನಾನು ಅವರ ತುಟಿಯಿಂದಲೇ ಓದಿದ್ದೆ ಎಂಬುದು ಅವರಿಗೆ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ.

ಹೊಸ ಶಾಲೆಯಲ್ಲಿ ಎಲ್ಲರಿಗೂ ಸುಖವಾಯಿತು. ಮಾಸ್ತರರು ಓಡಾಡುತ್ತಾ ಪಾಠ ಹೇಳತೊಡಗಿದರು. ಹಿಂದಿನ ಬೆಂಚಿನ ಹತ್ತಿರ ನಿಂತು ಹೇಳಿದರು, ಕಿಟಕಿಯ ಕಡೆ ನೋಡುತ್ತಾ ಹೇಳಿದರು. ಗಣಿತಕ್ಕೆ ಮೈಸೂರು ಕಡೆಯ ಮೇಡಂ ಒಬ್ಬರು ಹೊಸದಾಗಿ ಬಂದರು. ಸಣ್ಣ ದನಿ, ಚೂರೂ ಸಿಡುಕಿಲ್ಲದ ಹೆಣ್ಣುಮಗಳು. ಶೆಡ್ಡಿನ ರೀತಿಯನ್ನು ಅವರಿಗೆ ಹೇಳಿಕೊಡುವ ಅಗತ್ಯ ಯಾರಿಗೂ ಕಾಣಲಿಲ್ಲ. ಅವರು ಹಸಿರು ಬೋರ್ಡಿನ ಮೇಲೆ ಮುತ್ತು ಪೋಣಿಸಿದ ಹಾಗೆ ಬರೆಯುತ್ತಾ, ಬರೆಯುವಾಗಲೇ ವಿವರಿಸುತ್ತಾ, ಕೊನೆಗೆ ನಮ್ಮ ಕಡೆ ತಿರುಗಿ, ತಿಳೀತಾ ಅನ್ನುತ್ತಿದ್ದರು. ನನಗೆ ಕಾಣುತ್ತಿದ್ದದ್ದು ಆ ತಿಳೀತಾ ಒಂದೇ. ಎಲ್ಲರೂ ತಲೆ ಆಡಿಸುತ್ತಿದ್ದರು, ನಾನೂ ಆಡಿಸುತ್ತಿದ್ದೆ.

ನನಗೆ ಏನಾಗುತ್ತಿದೆ ಎಂದು ನನಗೇ ತಿಳಿಯಲಿಲ್ಲ. ಹೊಸ ಶಾಲೆಯ ಪಾಠವೇ ಹೀಗೆ, ಇವರೆಲ್ಲ ಹೆಚ್ಚು ಹೇಳುವುದಿಲ್ಲ, ಬರೆದದ್ದನ್ನು ನೋಡಿ ನಾವೇ ತಿಳಿಯಬೇಕು ಅಂದುಕೊಂಡೆ. ಬಾಕಿಯವರಿಗೆ ತಿಳಿಯುತ್ತಿತ್ತು, ನನಗೆ ತಿಳಿಯುತ್ತಿರಲಿಲ್ಲ. ಹಾಗಾದರೆ ನಾನು ದಡ್ಡಿ. ಇದು ನನ್ನ ತೀರ್ಮಾನ. ಅರ್ಧ ವಾರ್ಷಿಕ ಪರೀಕ್ಷೆಯಲ್ಲಿ ನಾನು ಪಾಸಾದದ್ದು ಒಂದೆರಡು ವಿಷಯಗಳಲ್ಲಿ ಮಾತ್ರ. ಮಾಸ್ತರರು ಪ್ರಶ್ನೆ ಕೇಳಿದರೆ ಸುಮ್ಮನೆ ನಿಲ್ಲುತ್ತಿದ್ದೆ. ಮೊದಮೊದಲು ಬೈದರು, ಆಮೇಲೆ ಬಿಟ್ಟರು. ಬಿಟ್ಟದ್ದೇ ಹೆಚ್ಚು ನೋವಾಯಿತು.

ಹೆಡ್ಮಾಸ್ತರರು ಅಪ್ಪನನ್ನು ಕರೆಸಿದರು. ಹುಡುಗಿಯ ಮನಸ್ಸು ಓದಿನಲ್ಲಿ ಇಲ್ಲ, ಮನೆಯಲ್ಲಿ ಏನಾದರೂ ತೊಂದರೆಯೇ ಎಂದು ಮೃದುವಾಗಿಯೇ ಕೇಳಿದರಂತೆ. ಅಪ್ಪ ಕೆಟ್ಟವನಲ್ಲ. ನನಗೆ ಓದು ಹತ್ತುತ್ತಿಲ್ಲ ಎಂದು ಶಾಲೆಯೇ ಹೇಳುವಾಗ ಅವನೇನು ಮಾಡಿಯಾನು. ಮನೆಯ ಎರಡು ಮಗ್ಗಗಳಲ್ಲಿ ಒಂದನ್ನು ಅವ್ವ ನಡೆಸುತ್ತಿದ್ದಳು, ಒಂದನ್ನು ಅವನು. ಪಕ್ಕದ ಖೋಲಿಯಲ್ಲಿ ಇನ್ನೊಂದು ಹಾಕುವ ಮಾತು ಮೊದಲಿನಿಂದಲೂ ಇತ್ತು. ಒಂಬತ್ತು ಮುಗಿಸಲಿ, ಆಮೇಲೆ ಮಗ್ಗಕ್ಕೆ ಕೂರಲಿ ಎಂದು ಅಪ್ಪ ಅವ್ವನಿಗೆ ಹೇಳಿದ. ನನ್ನ ಎದುರಿಗೇ ಹೇಳಿದ, ತುಟಿ ಬಿಡಿಸಿ ಹೇಳಿದ. ಆ ವರ್ಷ ನನಗೆ ಪೂರ್ತಿ ಅರ್ಥವಾದ ಮಾತು ಅದೊಂದೇ ಇರಬೇಕು.

ಹೊಸ ಶಾಲೆಗೆ ತೋಟದ ಮನೆಗಳ ಮಕ್ಕಳೂ ಬರುತ್ತಿದ್ದರು. ಅವರಲ್ಲಿ ಒಬ್ಬಳು ನನ್ನ ಬೆಂಚಿಗೆ ಬಂದಳು. ಬೀರೇಶ್ವರನ ಒಕ್ಕಲು, ಕುರಿ ಸಾಕುವ ಮನೆತನ. ಹೊಲದ ಈ ಬದುವಿನಿಂದ ಆ ಬದುವಿಗೆ ಕೇಳುವ ಹಾಗೆ ಕೂಗುವುದು ಅವರ ಮನೆಯಲ್ಲಿ ದಿನದ ಕೆಲಸ. ಅವಳಿಗೆ ನನ್ನ ಮೇಲೆ ಮೊದಲಿನಿಂದಲೂ ಸಿಟ್ಟು. ಕರೆದರೆ ಓ ಅನ್ನುವುದಿಲ್ಲ, ಊರಿನವಳು ಎಂಬ ಸೊಕ್ಕು ಎಂದು ಬೇರೆಯವರ ಹತ್ತಿರ ಆಡಿದ್ದಳು. ಒಂದು ದಿನ ಊಟವಾದ ಮೇಲೆ ನಾನು ನಲ್ಲಿಗೆ ಬಾಯಿ ಹಚ್ಚಿ ನೀರು ಕುಡಿಯುತ್ತಿದ್ದಾಗ ಹಿಂದಿನಿಂದ ಬಂದು ಕರೆದಳಂತೆ. ನಾನು ತಿರುಗಲಿಲ್ಲ. ಸಿಟ್ಟು ನೆತ್ತಿಗೇರಿ ನನ್ನನ್ನೂ ನಮ್ಮ ಮನೆತನವನ್ನೂ ಕೂಡಿಸಿ ಬಾಯಿಗೆ ಬಂದ ಹಾಗೆ ಬೈದಳಂತೆ. ಏನೇನು ಬೈದಳು ಎಂದು ಅವಳು ಇವತ್ತಿಗೂ ಹೇಳಿಲ್ಲ. ನಾನು ನೀರು ಕುಡಿದು, ಲಂಗಕ್ಕೆ ಕೈ ಒರೆಸಿ, ತಿರುಗಿ ಅವಳನ್ನು ನೋಡಿ ನಕ್ಕೆ. ಅವಳ ಮುಖ ಬಿಳಿಚಿತ್ತು. ನನ್ನ ಕೈ ಹಿಡಿದುಕೊಂಡು ಅಂದಳು:

"ನಿನಗ ಕೇಳಸಂಗಿಲ್ಲ ಬೇ. ಖರೇನ ಕೇಳಸಂಗಿಲ್ಲ."

ನನಗೆ ಕೋಪ ಬಂತು. ಕೈ ಕೊಸರಿಕೊಂಡೆ. ನಮ್ಮ ಓಣಿಯಲ್ಲಿ ಎಲ್ಲರಿಗೂ ಎಷ್ಟು ಕೇಳಿಸುತ್ತದೋ ನನಗೂ ಅಷ್ಟೇ ಕೇಳಿಸುತ್ತದೆ ಎಂದೆ. ಸುಳ್ಳು ಹೇಳಲಿಲ್ಲ. ಹಿಂದಿನಿಂದ ಕರೆದರೆ ತಿರುಗುವುದು ಎಂಬ ಒಂದು ಸಂಗತಿ ಲೋಕದಲ್ಲಿ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಹಾಗೆ ಕರೆದಿರಲಿಲ್ಲ.

ಅವಳು ಬಿಡುವವಳಲ್ಲ. ಅಮಾಸೆಯ ದಿನ ನಮ್ಮ ಮನೆಗೆ ಬಂದಳು. ಅಮಾಸೆಗೆ ಓಣಿಯಲ್ಲಿ ಮಗ್ಗ ಬಂದ್. ತೊಳೆದು, ಎಣ್ಣೆ ಬಿಟ್ಟು, ಊದುಬತ್ತಿ ಹಚ್ಚುವ ದಿನ. ಅವ್ವನೂ ನಾನೂ ಮಗ್ಗದ ಬುಡದಲ್ಲಿ ಕೂತು, ಬಾಗಿಲಿಗೆ ಬೆನ್ನು ಮಾಡಿ, ಸಂದಿಗಳಲ್ಲಿ ಸೇರಿದ ಅರಳೆಯ ಧೂಳನ್ನು ಕುಂಚದಿಂದ ತೆಗೆಯುತ್ತಿದ್ದೆವು. ಅಪ್ಪ ಬಾಗಿಲ ಹತ್ತಿರ ಲಾಳಿಗಳನ್ನು ಒರೆಸುತ್ತಿದ್ದ. ಮುಂದೆ ಆದದ್ದನ್ನು ನಾನು ನೋಡಲಿಲ್ಲ. ಆಮೇಲೆ ನನ್ನ ಗೆಳತಿಯಾದ ಆ ಹುಡುಗಿಯೇ ಹೇಳಿದ್ದು ಇದು.

ಅವಳು ಹೊಸ್ತಿಲಲ್ಲಿ ನಿಂತು ನನ್ನ ಹೆಸರು ಹಿಡಿದು ಕರೆದಳಂತೆ. ನಾನು ತಿರುಗಲಿಲ್ಲ. ಒಳಗೆ ಹೋಗಿ ಮಾತಾಡಿಸವ್ವ ಎಂದು ಅಪ್ಪ ಅಂದನಂತೆ.

"ಕಾಕಾ, ಇಲ್ಲಿಂದನ ನೀವೂ ಒಮ್ಮಿ ಕರೀರಿ," ಎಂದಳಂತೆ ಅವಳು.

ಅಪ್ಪ ನಕ್ಕು ಕರೆದ. ಆಮೇಲೆ ನಗು ಬಿಟ್ಟು ಕರೆದ. ಎದ್ದು ನಿಂತು ಜೋರಾಗಿ ಕರೆದ. ಓಣಿಯಲ್ಲಿ ಒಂದು ಮಗ್ಗವೂ ನಡೆಯುತ್ತಿರಲಿಲ್ಲ, ಎದುರು ಮನೆಯವರು ಏನಾಯಿತು ಎಂದು ಹೊರಗೆ ಬಂದರು. ನಾನು ಕುಂಚ ಆಡಿಸುತ್ತಲೇ ಇದ್ದೆ. ಆಗ ಅಪ್ಪನಿಗೆ ಇನ್ನೊಂದು ಕಂಡಿತು. ನನ್ನ ಪಕ್ಕದಲ್ಲಿ ಕೂತ ಅವ್ವನೂ ತಿರುಗಿರಲಿಲ್ಲ. ನಮ್ಮ ಕಡೆ ಗಂಡ ಹೆಂಡತಿಯ ಹೆಸರು ಹಿಡಿಯುವ ರೂಢಿ ಕಡಿಮೆ, ಅಪ್ಪನಂತೂ ಕೈಸನ್ನೆಯಲ್ಲೇ ಸಂಸಾರ ನಡೆಸಿದವನು. ಅವತ್ತು ಮೊದಲ ಸಲ ಅವ್ವನ ಹೆಸರು ಹಿಡಿದು ಕರೆದನಂತೆ. ಅವಳು ಕೇಳಲಿಲ್ಲ.

ಕುಂಚ ಕೊಡವಲು ನಾವಿಬ್ಬರೂ ಹೊರಳಿದಾಗ ಅಪ್ಪ ನೆಲದ ಮೇಲೆ ಕೂತಿದ್ದ. ಟವೆಲನ್ನು ಬಾಯಿಗೆ ಒತ್ತಿಕೊಂಡಿದ್ದ. ಅವನು ಅಳುತ್ತಿದ್ದದ್ದು ಕಂಡಿತು, ಆಡಿದ ಮಾತು ಕಾಣಲಿಲ್ಲ. ಏನಂದ ಎಂದು ಗೆಳತಿಯನ್ನು ಆಮೇಲೆ ಬಹಳ ಸಲ ಕೇಳಿದ್ದೇನೆ. ಏನೂ ಅನ್ನಲಿಲ್ಲ, ಬರೇ ಅತ್ತರು ಅನ್ನುತ್ತಾಳೆ. ನಾನು ನಂಬಿದ್ದೇನೆ.

ಜಮಖಂಡಿಯ ಕಿವಿ ಡಾಕ್ಟರ ಹತ್ತಿರ ಮೂವರೂ ಹೋದೆವು. ಅಲ್ಲೊಂದು ಗಾಜಿನ ಕೋಣೆಯಿತ್ತು. ಒಳಗೆ ಕೂಡಿಸಿ, ಕಿವಿಗೆ ಯಂತ್ರ ಹಾಕಿ, ಕೈಗೊಂದು ಬಟನ್ನು ಕೊಟ್ಟು, ಸದ್ದು ಕೇಳಿದಾಗೆಲ್ಲ ಒತ್ತು ಅನ್ನುತ್ತಾರೆ. ನಾನು ಅಲ್ಲೊಂದು ಇಲ್ಲೊಂದು ಒತ್ತಿದೆ. ಅಪ್ಪ ಹಟ ಹಿಡಿದು ಅವ್ವನನ್ನೂ ಕೂಡಿಸಿದ. ಅವ್ವ ಸೆರಗು ಸರಿಮಾಡಿಕೊಂಡು, ಹೆಬ್ಬೆರಳನ್ನು ಬಟನ್ನಿನ ಮೇಲೆ ಇಟ್ಟು, ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ನೆಟ್ಟಗೆ ಕೂತಳು. ಡಾಕ್ಟರು ಯಂತ್ರ ತಿರುಗಿಸುತ್ತಾ ಹೋದರು. ಅವ್ವನ ಹೆಬ್ಬೆರಳು ಅಲ್ಲಾಡಲಿಲ್ಲ. ಬಹಳ ಹೊತ್ತಾದ ಮೇಲೆ ಗಾಜಿನ ಒಳಗಿನಿಂದ ನನ್ನ ಕಡೆ ನೋಡಿ ತುಟಿಯಲ್ಲೇ ಕೇಳಿದಳು:

"ಯಾವಾಗ ಚಾಲೂ ಮಾಡತಾರಂತ?"

ಅವರು ಮುಗಿಸಿ ಆಗಿತ್ತು. ಅದನ್ನು ನಾನು ಅವಳಿಗೆ ಹೇಳಲಿಲ್ಲ. ಇನ್ನೇನು ಚಾಲೂ ಮಾಡುತ್ತಾರೆ ಎಂದೆ.

ಹೋದ ಕಿವಿ ತಿರುಗಿ ಬರುವುದಿಲ್ಲ, ಮಗ್ಗದ ಸದ್ದು ಬಹುಪಾಲು ತಿಂದಿದೆ, ಹುಟ್ಟಿನಿಂದಲೂ ಸ್ವಲ್ಪ ಕೊರತೆ ಇದ್ದಿರಬಹುದು ಎಂದರು ಡಾಕ್ಟರು. ನನಗೆ ಶ್ರವಣಯಂತ್ರ ಹಾಕಿದರೆ ಎದುರಿನ ಮಾತು ಕೇಳುತ್ತದೆ. ಅವ್ವನಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಇಷ್ಟು ವರ್ಷ ಮನೆಯವರಿಗೆ ಯಾಕೆ ಗೊತ್ತಾಗಲಿಲ್ಲ ಎಂದು ಅವರು ಸ್ವಲ್ಪ ಗಡುಸಾಗಿ ಕೇಳಿದರು. ಅಪ್ಪ ತಲೆ ತಗ್ಗಿಸಿದ. ಡಾಕ್ಟರ ಆ ಪ್ರಶ್ನೆಗೆ ನನ್ನಲ್ಲಿ ಈಗಲೂ ಸಿಟ್ಟಿದೆ. ಕಿವಿ ಇಲ್ಲದೆಯೂ ಸಂಸಾರ ನಡೆಯುವ ಹಾಗೆ ಒಂದು ಇಡೀ ಓಣಿಯೇ ಕಟ್ಟಿಕೊಂಡ ರೂಢಿಯಲ್ಲಿ ಯಾರಿಗೆ ಏನು ಗೊತ್ತಾಗಬೇಕಿತ್ತು? ಅವ್ವನ ಜೊತೆ ಜಗಳವಾಡಿದ್ದಾರೆ, ಸೀರೆ ಮಾರಿದ್ದಾರೆ, ಸಾವಿನ ಸುದ್ದಿ ಹೇಳಿದ್ದಾರೆ. ಎಲ್ಲವನ್ನೂ ಎದುರಿಗೆ ಬಂದು ಹೇಳಿದ್ದಾರೆ. ಅವಳು ಎಲ್ಲಕ್ಕೂ ಸರಿಯಾಗಿ ಉತ್ತರ ಕೊಟ್ಟಿದ್ದಾಳೆ.

ಅಪ್ಪ ಶಾಲೆಗೆ ಹೋಗಿ ಹೆಡ್ಮಾಸ್ತರರಿಗೆ ವಿಷಯ ತಿಳಿಸಿದ. ಮರುದಿನ ಪ್ರಾರ್ಥನೆಯ ಹೊತ್ತಿಗೆ ಹೆಡ್ಮಾಸ್ತರರು ಮುಂದೆ ಬಂದು ನಿಂತರು. ಎಲ್ಲರ ಮುಖ ಮೇಲೆದ್ದ ಮೇಲೆ, ಇವತ್ತಿನಿಂದ ಹಳೇ ಶೆಡ್ಡಿನ ಪದ್ಧತಿಯಂತೆ ಪಾಠ ನಡೆಯುತ್ತದೆ ಎಂದರು. ಯಾಕೆ ಎಂದು ಹೇಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಕೆಲವು ಮಾಸ್ತರರು ಗೊಣಗಿದರು. ಹೊಸ ಕಟ್ಟಡಕ್ಕೆ ಬಂದು ಹಳೇ ಕಾಟ ಯಾಕೆ ಎಂದರಂತೆ. ಓಣಿಯ ಮಕ್ಕಳಿಗೆ ಮಾತ್ರ ಹೇಳಿಕೊಡಬೇಕಾಗಿರಲಿಲ್ಲ, ಅವತ್ತೇ ಹಾಜರಿಗೆ ಕೈಗಳು ಎದ್ದವು. ಗಣಿತದ ಮೇಡಂಗೆ ಬಹಳ ಕಷ್ಟವಾಯಿತು. ಬರೆಯುತ್ತಾ ಮಾತು ಶುರು ಮಾಡಿ, ನಡುವೆ ನೆನಪಾಗಿ, ತಿರುಗಿ ನಿಂತು, ಆ ವಾಕ್ಯವನ್ನು ಮೊದಲಿನಿಂದ ಮತ್ತೆ ಹೇಳುತ್ತಿದ್ದರು. ಪ್ರತಿ ಸಲವೂ ಮೊದಲಿನಿಂದ. ಅದಕ್ಕಾಗಿ ಅವರ ಮೇಲೆ ನನಗಿರುವ ಪ್ರೀತಿ ಇನ್ನಾರ ಮೇಲೂ ಇಲ್ಲ.

ಯಂತ್ರ ಬಂತು. ಶಾಲೆಯಲ್ಲಿ ಹಾಕುತ್ತಿದ್ದೆ. ಮನೆಗೆ ಬಂದರೆ ಮಗ್ಗದ ಸದ್ದು ತಲೆಯೊಳಗೇ ಹೊಡೆಯುತ್ತಿದ್ದರಿಂದ ತೆಗೆದಿಡುತ್ತಿದ್ದೆ. ಮಗ್ಗಗಳು ನಿಲ್ಲಲಿಲ್ಲ. ನಿಲ್ಲಿಸಿದರೆ ಉಣ್ಣುವುದು ಏನು? ಅಪ್ಪ ಒಂದು ಮಾತ್ರ ಮಾಡಿದ. ನನ್ನನ್ನು ಮಗ್ಗದ ಖೋಲಿಯಿಂದ ಹೊರಗೆ ಹಾಕಿ, ಓದುವುದಕ್ಕೆ ಹಿತ್ತಲಲ್ಲಿ ತಗಡಿನ ಮರೆ ಕಟ್ಟಿಕೊಟ್ಟ. ಹತ್ತನೆಯ ಇಯತ್ತೆಗೆ ಹೋಗಲಿ ಎಂದ. ಅದರಾಚೆಗೆ ಏನು ಎಂದರೆ, ಅವ್ವ ಏನಂತಾಳೋ ನೋಡೋಣ ಎಂದು ಅವಳ ಮೇಲೆ ಹಾಕಿದ.

ಗಾಜಿನ ಕೋಣೆಯಿಂದ ಬಂದ ಮೇಲೆ ಅವ್ವ ಬದಲಾಗಿದ್ದಳು. ಅದುವರೆಗೆ ಅವಳಿಗೆ ತಾನು ಕಿವುಡಿ ಎಂದು ಗೊತ್ತಿರಲಿಲ್ಲ, ಗೊತ್ತಾದ ಮೇಲೆ ಓಣಿಯಲ್ಲಿ ಹೆದರಿ ನಡೆಯತೊಡಗಿದಳು. ಗಾಡಿ ಬಂದೀತೆಂದು ಮೇಲಿಂದ ಮೇಲೆ ಹಿಂದೆ ನೋಡುತ್ತಿದ್ದಳು. ಸಂತೆಗೆ ನಾನಿಲ್ಲದೆ ಹೋಗುತ್ತಿರಲಿಲ್ಲ. ನಾನು ಸೇರಬೇಕೆಂದಿದ್ದ ಕಾಲೇಜು ಜಮಖಂಡಿಯಲ್ಲಿ, ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ಸಂಜೆಗೆ. ನಾನು ಹಾಗೆ ಹೋದರೆ ತನ್ನ ಪಕ್ಕದಲ್ಲಿ ಯಾರಿರುತ್ತಾರೆ ಎಂಬ ಭಯ ಅವಳಿಗೆ. ಅದನ್ನು ಅವಳು ಬಾಯಿಬಿಟ್ಟು ಆಡಲಿಲ್ಲ. ನಾನು ಕಾಲೇಜಿನ ಮಾತು ಎತ್ತಿದ ಕೂಡಲೇ ಮುಖ ತಿರುಗಿಸಿ ಎಳೆ ನೋಡುತ್ತಿದ್ದಳು. ನಮ್ಮಲ್ಲಿ ಮಾತು ಬೇಡ ಅನ್ನುವುದಕ್ಕೆ ಇದಕ್ಕಿಂತ ಗಟ್ಟಿಯಾದ ದಾರಿಯಿಲ್ಲ. ನೋಡದವರಿಗೆ ಏನು ಹೇಳಲು ಬರುತ್ತದೆ? ಎದುರಿಗೆ ಹೋಗಿ ನಿಂತರೆ ಆ ಕಡೆ ತಿರುಗುತ್ತಿದ್ದಳು. ಆ ವರ್ಷವಿಡೀ ಹೀಗೇ ಆಯಿತು. ಅವಳ ಮೇಲೆ ನನಗೆ ಸಿಟ್ಟೂ ಬರುತ್ತಿತ್ತು, ಅವಳನ್ನು ಒಬ್ಬಳೇ ಬಿಟ್ಟು ಹೋಗಲು ಮನಸ್ಸೂ ಬರುತ್ತಿರಲಿಲ್ಲ. ಎರಡೂ ಖರೆ.

ನಾನು ಹತ್ತು ಪಾಸಾದೆ. ಚಲೋ ಅಂಕ ಬಂದವು. ಪಾಸಾದವರಿಗೆ ಶಾಲೆಯ ಅಂಗಳದಲ್ಲಿ ಸಣ್ಣ ಸಮಾರಂಭ ಇಟ್ಟಿದ್ದರು. ಕಾಲೇಜಿಗೆ ಹೆಸರು ಹಚ್ಚುವ ದಿನಗಳು ಮುಗಿಯುತ್ತಾ ಬಂದಿದ್ದವು, ಮನೆಯಲ್ಲಿ ಇನ್ನೂ ಯಾವುದೂ ನಿಕ್ಕಿಯಾಗಿರಲಿಲ್ಲ. ಅಪ್ಪ ಅವ್ವನನ್ನು ಕರೆದುಕೊಂಡು ಬಂದ. ಅವಳು ನನ್ನ ಶಾಲೆಯ ಒಳಗೆ ಕಾಲಿಟ್ಟದ್ದು ಅವತ್ತೇ ಮೊದಲು. ಹೆಂಗಸರೆಲ್ಲ ಜಮಖಾನದ ಮೇಲೆ ಒತ್ತಿ ಕೂತಿದ್ದರು, ಅವ್ವ ಮುಂದಿನ ಸಾಲಿನಲ್ಲಿದ್ದಳು. ಹೆಡ್ಮಾಸ್ತರರಿಗೆ ಅದು ನಿವೃತ್ತಿಯ ವರ್ಷ. ಒಬ್ಬೊಬ್ಬರನ್ನೇ ಕರೆದು, ಮುಂದೆ ಏನು ಮಾಡುತ್ತೀರಿ ಎಂದು ಮೈಕಿನಲ್ಲಿ ಹೇಳಿಸುತ್ತಿದ್ದರು.

ನನ್ನ ಸರದಿ ಬಂತು. ಮೈಕು ಬಾಯಿಯ ಹತ್ತಿರ ಹಿಡಿದೆ. ಅವ್ವ ಕತ್ತು ಆಚೆ ಈಚೆ ಮಾಡುತ್ತಿದ್ದದ್ದು ಕಂಡಿತು. ಕರೀ ಮೈಕು ನನ್ನ ತುಟಿಗಳನ್ನು ಮುಚ್ಚಿತ್ತು. ಮೈಕನ್ನು ಕೆಳಗೆ ಇಳಿಸಿದೆ. ಹಿಂದೆ ಕೂತವರು ಮೈಕು, ಮೈಕು ಎಂದು ಸನ್ನೆ ಮಾಡಿದರು. ಒಬ್ಬ ಮಾಸ್ತರರು ಎದ್ದು ಬರುತ್ತಿದ್ದರು, ಹೆಡ್ಮಾಸ್ತರರು ಕೈ ಅಡ್ಡ ಹಿಡಿದು ಅವರನ್ನು ನಿಲ್ಲಿಸಿದರು. ನಾನು ಅವ್ವನನ್ನು ನೋಡುತ್ತಾ, ನಿಧಾನವಾಗಿ ತುಟಿ ಬಿಡಿಸಿ ಹೇಳಿದೆ:

"ಯವ್ವಾ, ನಾ ಕಾಲೇಜಿಗಿ ಹೋಗ್ತೀನಿ. ದಿನಾ ಸಂಜೀಕ ಮನಿಗಿ ಬರ್ತೀನಿ."

ದನಿ ಬಂತೋ ಇಲ್ಲವೋ ನನಗೆ ಗೊತ್ತಿಲ್ಲ. ಅವ್ವ ನನ್ನನ್ನೇ ನೋಡುತ್ತಿದ್ದಳು. ಅವಳ ತುಟಿ ಆಡಿತು. ಇನ್ನೊಮ್ಮೆ ಹೇಳು ಎಂದಳು.

ಇನ್ನೊಮ್ಮೆ ಹೇಳಿದೆ. ಅವಳ ಕಣ್ಣು ತುಂಬಿದವು, ಸೆರಗನ್ನು ಬಾಯಿಗೆ ತಂದುಕೊಂಡಳು. ಮುಖ ಮಾತ್ರ ತಿರುಗಿಸಲಿಲ್ಲ.